ಬಯಾಪ್ಸಿ ವರದಿ ಹಿಡಿದು ಕುಳಿತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನೀನು ಕಳಿಸಿದ ವರದಿಯನ್ನು ಎರಡು ಸಲ ಓದಿದೆ. ಕ್ಯಾನ್ಸರ್ ಪ್ರಾಸ್ಟೇಟ್ ಗ್ರಂಥಿಯೊಳಗೇ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಇದೆ, ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಅಂಕ 6, ರಕ್ತದಲ್ಲಿ ಅಳೆಯುವ ಪ್ರಾಸ್ಟೇಟಿನ ಪ್ರೋಟೀನು ಪಿಎಸ್‌ಎ ಹತ್ತಕ್ಕಿಂತ ಕಡಿಮೆ. ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಬಗೆ ಇದು. "ಈ ತಿಂಗಳಲ್ಲೇ ತೆಗೆಸಿಬಿಡುತ್ತೇನೆ" ಎಂದು ನೀನು ಫೋನಿನಲ್ಲಿ ಹೇಳಿದಾಗ ಏಳು ವರ್ಷಗಳ ಹಿಂದಿನ ನನ್ನ ದನಿಯನ್ನೇ ಕೇಳಿದಂತಾಯಿತು.

ನಾನು ಕ್ಯಾನ್ಸರ್ ಎಂದು ಕೇಳಿದ ಮೂರನೆಯ ವಾರಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ರೋಗ ಹೋಯಿತು, ಅದಕ್ಕೆ ನಾನು ಋಣಿ. ಆದರೆ ಆಮೇಲಿನ ದಿನಗಳು ಹೇಗಿರುತ್ತವೆ ಎಂದು ಯಾರೂ ಕೂರಿಸಿಕೊಂಡು ಹೇಳಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಬ್ರಿಟನ್ನಿನ 'ಪ್ರೊಟೆಕ್ಟ್' ಅಧ್ಯಯನವನ್ನು ನಾನು ಓದಿದ್ದು ತಡವಾಗಿ. 1999ರಿಂದ 2009ರವರೆಗೆ 50ರಿಂದ 69 ವಯಸ್ಸಿನ ಎಂಬತ್ತೆರಡು ಸಾವಿರಕ್ಕೂ ಹೆಚ್ಚು ಪುರುಷರ ರಕ್ತ ಪರೀಕ್ಷಿಸಿ, ಗ್ರಂಥಿಯೊಳಗಷ್ಟೇ ಕ್ಯಾನ್ಸರ್ ಇದ್ದವರಲ್ಲಿ ಒಪ್ಪಿಕೊಂಡ 1,643 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿದರು: ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ತಕ್ಷಣ ಚಿಕಿತ್ಸೆಯಿಲ್ಲದೆ ಕೇವಲ ನಿಗಾ. 2023ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ಫಲಿತಾಂಶದ ಪ್ರಕಾರ, ಈ ಕ್ಯಾನ್ಸರಿನಿಂದ ಸತ್ತವರು ಮೂರೂ ಗುಂಪುಗಳಲ್ಲಿ ನೂರಕ್ಕೆ ಎರಡು-ಮೂರು ಮಂದಿ ಮಾತ್ರ. ಹಾಗಾದರೆ ವ್ಯತ್ಯಾಸವಿರುವುದು ಬದುಕುವ ಬಗೆಯಲ್ಲಿ.

ಶಸ್ತ್ರಚಿಕಿತ್ಸೆಯಾದ ಆರು ತಿಂಗಳಿಗೆ ಅವರಲ್ಲಿ 46 ಶೇಕಡಾ ಮಂದಿ ಮೂತ್ರ ಸೋರುವುದರಿಂದ ಪ್ಯಾಡ್ ಬಳಸುತ್ತಿದ್ದರು. ಆರು ವರ್ಷಗಳ ನಂತರವೂ 17 ಶೇಕಡಾ. ನಾನು ಆ ಹದಿನೇಳರೊಳಗೆ ಒಬ್ಬ. ಕೆಮ್ಮಿದರೆ, ನೀರಿನ ಕೊಡ ಎತ್ತಿದರೆ, ಮೊಮ್ಮಗಳನ್ನು ಎತ್ತಿಕೊಂಡರೆ ಒದ್ದೆಯಾಗುತ್ತದೆ. ಮದುವೆ ಮನೆಗೆ ಹೋದರೆ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ. ಇನ್ನೊಂದು ಸಂಗತಿಯನ್ನು ಗಂಡಸರು ನಾವು ಬಾಯಿಬಿಟ್ಟು ಆಡುವುದಿಲ್ಲ. ಸಂಭೋಗಕ್ಕೆ ಸಾಕಾಗುವ ನಿಮಿರುವಿಕೆ ಆರಂಭದಲ್ಲಿ 67 ಶೇಕಡಾ ಮಂದಿಗಿತ್ತು. ಆರು ತಿಂಗಳಿಗೆ ಶಸ್ತ್ರಚಿಕಿತ್ಸೆಯವರಲ್ಲಿ 12, ವಿಕಿರಣದವರಲ್ಲಿ 22, ನಿಗಾದಲ್ಲಿದ್ದವರಲ್ಲಿ 52 ಶೇಕಡಾ ಮಂದಿಗೆ ಉಳಿದಿತ್ತು. ಆರು ವರ್ಷಗಳ ಹೊತ್ತಿಗೆ ನಿಗಾದವರದ್ದೂ 30ಕ್ಕೆ ಇಳಿದಿತ್ತೆನ್ನು, ವಯಸ್ಸೂ ತನ್ನ ಪಾಲು ಕೇಳುತ್ತದೆ. ನಾನೂ ನನ್ನಾಕೆಯೂ ಇದರ ಬಗ್ಗೆ ಮಾತನಾಡಲು ಒಂದೂವರೆ ವರ್ಷ ಬೇಕಾಯಿತು, ಆ ಒಂದೂವರೆ ವರ್ಷದ ಮೌನವೇ ನನಗೆ ರೋಗಕ್ಕಿಂತ ಭಾರವಾಗಿತ್ತು.

ವಿಕಿರಣದಲ್ಲಿ ಮೂತ್ರ ಸೋರುವುದು ಕಡಿಮೆ, ಆದರೆ ಕರುಳಿನ ತೊಂದರೆ ಹೆಚ್ಚು; ಹನ್ನೆರಡನೆಯ ವರ್ಷಕ್ಕೆ ಮಲ ಸೋರುವ ತೊಂದರೆ ಅವರಲ್ಲಿ 12 ಶೇಕಡಾ, ಉಳಿದೆರಡು ಗುಂಪುಗಳಲ್ಲಿ ಅದರ ಅರ್ಧದಷ್ಟಿತ್ತು.

ನಿಗಾ ಎಂದರೆ ಸುಮ್ಮನೆ ಬಿಟ್ಟುಬಿಡುವುದಲ್ಲ ಎಂಬುದನ್ನು ಮಾತ್ರ ಮರೆಯಬೇಡ. ಆ ಗುಂಪಿನಲ್ಲಿ ಕ್ಯಾನ್ಸರ್ ದೇಹದ ಬೇರೆಡೆಗೆ ಹರಡಿದ್ದು 9.4 ಶೇಕಡಾ ಮಂದಿಗೆ, ಉಳಿದ ಎರಡರಲ್ಲಿ ಸುಮಾರು 5. ಹದಿನೈದು ವರ್ಷಗಳಲ್ಲಿ ನಿಗಾದಲ್ಲಿದ್ದವರಲ್ಲಿ 61 ಶೇಕಡಾ ಮಂದಿ ಕೊನೆಗೆ ಚಿಕಿತ್ಸೆಗೆ ಹೋದರು. ಅಂದಿನ ನಿಗಾ ಬಹುಮಟ್ಟಿಗೆ ಪಿಎಸ್‌ಎ ನೋಡುವುದಾಗಿತ್ತು. ಇಂದು ಎಂಆರ್‌ಐ ಮತ್ತು ಮರುಬಯಾಪ್ಸಿಗಳೂ ಸೇರಿವೆ. ತಪಾಸಣೆಯ ದಿನ ತಪ್ಪಿಸುವವರಿಗೆ ಈ ದಾರಿ ಅಲ್ಲ. ಒಳಗೆ ಕ್ಯಾನ್ಸರ್ ಇಟ್ಟುಕೊಂಡು ನಿದ್ದೆ ಬರುತ್ತದೆಯೇ ಎಂದು ನೀನು ಕೇಳಿದ್ದೆಯಲ್ಲ, ಆತಂಕ ಮತ್ತು ಖಿನ್ನತೆಯನ್ನು ಅಳೆದು ನೋಡಿದಾಗ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಶಸ್ತ್ರಚಿಕಿತ್ಸೆ ಬೇಡವೆಂದು ನಾನು ಹೇಳುತ್ತಿಲ್ಲ. ನಿನ್ನ ವರದಿಯಂಥದ್ದಕ್ಕೆ ಯೋಚಿಸಲು ಕೆಲವು ವಾರಗಳ ಕಾಲಾವಕಾಶ ಇದ್ದೇ ಇರುತ್ತದೆ. ಮೂತ್ರರೋಗ ತಜ್ಞರನ್ನೂ ವಿಕಿರಣ ಚಿಕಿತ್ಸೆಯ ತಜ್ಞರನ್ನೂ ಬೇರೆಬೇರೆಯಾಗಿ ಕಾಣು, ಅತ್ತಿಗೆಯವರನ್ನು ಎರಡೂ ಕಡೆ ಜೊತೆಗೆ ಕರೆದುಕೊಂಡು ಹೋಗು. ನಾನು ಅಂದು ಕೇಳದೆ ಉಳಿಸಿದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಭಾನುವಾರ ಬಂದಾಗ ಕೊಡುತ್ತೇನೆ.

ನಿನ್ನವನೇ ಆದ ಗೆಳೆಯ