ಮಾಸ್ಕ್ ಇಳಿಸಿದವರ ಮೇಲೆ ರೇಗುವ ಮೊದಲು

ಗುಳೇದಗುಡ್ಡ
11 ಅಕ್ಟೋಬರ್ 2020

ಚಿ. ಮಲ್ಲಿಕಾರ್ಜುನನಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ನಾವು ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಿಂದ ಹೋಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಕೊರೊನಾ ಕಾಲದಲ್ಲಿ ವಿಜಯಪುರದ ಪೇಟೆಯಲ್ಲಿ ಮಾಸ್ಕ್ ಹಾಕದವರಿಗೆ ದಂಡ ಹಾಕುವ ರಸೀದಿ ಪುಸ್ತಕ ಹಿಡಿದು ನಿಲ್ಲುವುದು ಕಷ್ಟ, ಬಲ್ಲೆ. ದಂಡ ಸಾವಿರಕ್ಕೆ ಏರಿದಾಗ ಬೈಗುಳ ತಿಂದವನು ನೀನು. ಅದು 250ಕ್ಕೆ ಇಳಿದ ಮೇಲೂ ತಿನ್ನುತ್ತಿರುವವನು ನೀನೇ. ಆದರೆ ಮಾಸ್ಕ್ ಇಳಿಸಿದ್ದಕ್ಕೆ ಸೊಪ್ಪು ಮಾರುವ ಆ ಮುದುಕಿಗೆ, ಸಾಯುವುದಿದ್ದರೆ ಮನೆಯಲ್ಲೇ ಸಾಯಿ ಎಂದೆಯಂತೆ. ಆ ಮಾತು ನಿನ್ನ ಬಾಯಿಂದ ಬರಬಾರದಿತ್ತು ತಮ್ಮಾ.

ನಿನ್ನ ದೊಡ್ಡಪ್ಪನ ಸಂಗತಿ ಹೇಳುತ್ತೇನೆ. ಮೂವತ್ತು ವರ್ಷ ವಿದ್ಯುತ್ ಮಗ್ಗದ ಸದ್ದಿನಲ್ಲಿ ದುಡಿದು ಅವರ ಕಿವಿ ಮಂದವಾಗಿದೆ. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು ಎಂಬುದು ಮನೆಯವರಾದ ನಮಗೂ ಗೊತ್ತಿರಲಿಲ್ಲ. ಎಲ್ಲರ ಬಾಯಿಯೂ ಮುಚ್ಚಿದ ಮೇಲೆ ಗೊತ್ತಾಯಿತು. ಹೋದ ತಿಂಗಳು ರೇಷನ್ ತರಲು ಹೋದಾಗ ಅಂಗಡಿಯವನು ಏನೋ ಕೇಳಿದ. ಇವರಿಗೆ ತಿಳಿಯಲಿಲ್ಲ. ತಮ್ಮ ಮಾಸ್ಕನ್ನು ಗದ್ದಕ್ಕೆ ಇಳಿಸಿ "ಏನಂದಿರಿ?" ಎಂದರು. ಸಾಲಿನಲ್ಲಿದ್ದವರ ಮುಂದೆಯೇ ಅವನು ಹರಿಹಾಯ್ದ. ಮನೆಗೆ ಬಂದು ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. "ಅವನ ಮಾತು ಕೇಳಿಸಲಿಲ್ಲ, ನನ್ನ ಮಾಸ್ಕ್ ಯಾಕೆ ಇಳಿಸಿದೆನೋ" ಎಂದರು. ಆಮೇಲೆ ಎಂಟು ದಿನ ಹೊಸ್ತಿಲು ದಾಟಲಿಲ್ಲ.

ನಿಯಮ ಸಡಿಲಿಸು ಎನ್ನುತ್ತಿಲ್ಲ. ನಮ್ಮ ಓಣಿಯಲ್ಲೇ ಇಬ್ಬರು ಹೋದರು. ಹೆಣದ ಮುಖ ನೋಡಲೂ ಆಗಲಿಲ್ಲ. ರೋಗವೇ ಸುಳ್ಳು ಎಂದು ವಾದಕ್ಕೆ ನಿಲ್ಲುವವನಿಗೆ ರಸೀದಿ ಹರಿದುಕೊಡು. ಉಳಿದವರನ್ನು ಮಾತ್ರ ಒಂದು ಕ್ಷಣ ನಿಂತು ನೋಡು. ಮೂಗು ಬಾಯಿ ಕಟ್ಟಿಕೊಳ್ಳುವುದು ನಮ್ಮವರಿಗೆ ಹೊಸದೇ? ಜೋಳದ ರಾಶಿ ಮಾಡುವಾಗ ಎಲ್ಲರೂ ವಸ್ತ್ರ ಬಿಗಿಯುತ್ತಾರೆ, ಯಾರೂ ದಂಡ ಹಾಕುವುದಿಲ್ಲ. ಆ ಧೂಳು ಕಣ್ಣಿಗೆ ಕಾಣುತ್ತದೆ, ರಾಶಿ ಮುಗಿದರೆ ವಸ್ತ್ರವೂ ಬಿಚ್ಚುತ್ತದೆ. ಈ ರೋಗ ಕಾಣುವುದಿಲ್ಲ, ಮುಗಿಯುವ ದಿನವೂ ತಿಳಿದಿಲ್ಲ. ಮೇಲಾಗಿ ನನಗೆ ಜ್ವರವಿಲ್ಲದಿದ್ದರೂ ನನ್ನ ಉಸಿರಿನಿಂದ ಇನ್ನೊಬ್ಬರಿಗೆ ಹರಡೀತು ಎಂದು ಕಟ್ಟಿಕೊಳ್ಳಬೇಕು. ಅಷ್ಟು ದೂರದ ವಿಚಾರ ಗದರಿಸಿದರೆ ತಲೆಗೆ ಹೋಗುವುದಿಲ್ಲ.

ಬಿಟ್ಟ ಉಸಿರೇ ಮಾಸ್ಕಿನೊಳಗೆ ನಿಂತು ವಿಷವಾಗುತ್ತದೆ ಎಂದು ಮೊಬೈಲಿನಲ್ಲಿ ಹರಡಿದ್ದಾರೆ. ಬಟ್ಟೆಯ ಎಳೆಗಳ ನಡುವೆ ಗಾಳಿ ಹೋಗಿಬರುತ್ತದೆ, ಆಪರೇಷನ್ ಮಾಡುವ ಡಾಕ್ಟರರು ಗಂಟೆಗಟ್ಟಲೆ ಕಟ್ಟಿಕೊಂಡೇ ಇರುತ್ತಾರೆ ಎಂದು ಹೇಳು. ಆದರೆ ನನಗೇನೂ ಆಗುತ್ತಿಲ್ಲ, ನಿನಗೇನು ಎಂದು ಮಾತ್ರ ಅನ್ನಬೇಡ. ಬಿಸಿಲಿನಲ್ಲಿ ಕೂಗಿ ಕೂಗಿ ಮಾರುವವಳ ಮಾಸ್ಕ್ ಬೆವರಿಗೆ ತೊಯ್ದು ಮೂಗಿಗೆ ಅಂಟುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಅವಳ ಹತ್ತಿರ ಬದಲಿಸಲು ಇನ್ನೊಂದು ಇರಬೇಕು, ಅಷ್ಟೆ. ಕನ್ನಡಕ ಮಬ್ಬಾಗುವವರಿಗೆ ಮೇಲಂಚನ್ನು ಮೂಗಿಗೆ ಒತ್ತಿ, ಅದರ ಮೇಲೆ ಕನ್ನಡಕ ಇಡಲು ಹೇಳು.

ರವಿಕೆ ಖಣದ ಮಾಸ್ಕ್ ಹೊಲಿದುಕೊಡಿ ಎಂದು ಇಲ್ಲಿ ಕೇಳುವವರಿದ್ದಾರೆ. ಹೊಲಿಯುತ್ತೇನೆ, ಒಳಪದರಕ್ಕೆ ಮಾತ್ರ ತೊಳೆದು ಮೆತ್ತಗಾದ ಹತ್ತಿಯ ಅರಿವೆಯನ್ನೇ ಹಾಕುತ್ತೇನೆ. ಎಲಾಸ್ಟಿಕ್ ಕಿವಿಯ ಹಿಂದೆ ಕೊರೆಯುತ್ತದೆಂದು ತಲೆಯ ಹಿಂದೆ ಕಟ್ಟುವ ಲಾಡಿ ಇಟ್ಟಿದ್ದೇನೆ. ಹನ್ನೆರಡು ಕಳಿಸಿದ್ದೇನೆ, ಎಲ್ಲವೂ ಬಿಸಿನೀರಲ್ಲಿ ಸಾಬೂನು ಹಾಕಿ ತೊಳೆದು ಬಿಸಿಲಿಗೆ ಒಣಗಿಸಿದವು. ಅವುಗಳಲ್ಲಿ ಎರಡನ್ನು ಆ ಸೊಪ್ಪಿನ ಮುದುಕಿಗೆ ನಿನ್ನ ಕೈಯಾರೆ ಕೊಡು.

ದಸರೆಯ ಬನ್ನಿ ಹಬ್ಬಕ್ಕೆ ಬಂದರೆ ಹೊರಗಿನ ಕಟ್ಟೆಯ ಮೇಲೆ ದೂರ ದೂರ ಕೂರೋಣ. ದೊಡ್ಡಪ್ಪನಿಗೆ ಬನ್ನಿ ಕೊಡುವಾಗ ಅವರ ಎದುರಿಗೇ ನಿಂತು ನಿಧಾನವಾಗಿ ಮಾತಾಡು. ತಿಳಿಯದಿದ್ದರೆ ಸ್ಲೇಟಿನಲ್ಲಿ ಬರೆದು ತೋರಿಸು. ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ.

ನಿನ್ನ ದೊಡ್ಡವ್ವ