ವಯಸ್ಸಾಗುವ ಚೆಲುವು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ತಲೆಯಲ್ಲಿ ಮೊದಲ ಬಿಳಿಗೂದಲು ಕಂಡಾಗಿನಿಂದ ಮನಸ್ಸಿಗೆ ಏನೋ ಕಸಿವಿಸಿಯಾಗಿದೆ ಎಂದು ಬರೆದಿದ್ದೀಯೆ. ಇನ್ನು ಮುಂದೆ ಎಲ್ಲವೂ ಇಳಿಮುಖವೇ ಅಮ್ಮ ಎಂದೂ ಕೇಳಿದ್ದೀಯೆ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲ ಎನಿಸಿ ಈ ಪತ್ರ ಬರೆಯಲು ಕುಳಿತಿದ್ದೇನೆ. ಅರವತ್ತು ದಾಟಿದ ಮೇಲೆ ನಾನು ಕಣ್ಣಾರೆ ಕಾಣುತ್ತಿರುವ ಚೆಲುವೊಂದಿದೆ. ಅದನ್ನು ನಿನಗೆ ತೋರಿಸಬೇಕು.

ಮೊದಲು ಆ ಕೂದಲಿನ ಮಾತು. ಕೂದಲಿನ ಬುಡದಲ್ಲಿರುವ ಕೆಲವು ಜೀವಕೋಶಗಳು ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸಿ ಬೆಳೆಯುವ ಎಳೆಗೆ ತುಂಬುತ್ತಿರುತ್ತವೆ. ಆ ಕೋಶಗಳನ್ನು ಹೊಸದಾಗಿ ಒದಗಿಸುವ ಕಾಂಡಕೋಶಗಳು ಕಾಲಕ್ರಮೇಣ ಕಡಿಮೆಯಾದಾಗ, ಮುಂದಿನ ಎಳೆ ಬಣ್ಣವಿಲ್ಲದೆ ಹುಟ್ಟುತ್ತದೆ. ಬಿಳಿ ಎಂಬ ಬಣ್ಣವೇನೂ ಅದರೊಳಗೆ ಇರುವುದಿಲ್ಲ; ಅದರ ಮೇಲೆ ಬಿದ್ದ ಬೆಳಕು ಚದುರಿ ನಮ್ಮ ಕಣ್ಣಿಗೆ ಬೆಳ್ಳಗೆ ಕಾಣುತ್ತದೆ, ಅಷ್ಟೇ. ಇದು ಯಾವ ವಯಸ್ಸಿನಲ್ಲಿ ಶುರುವಾಗಬೇಕೆಂಬುದನ್ನು ಬಹುಮಟ್ಟಿಗೆ ವಂಶವಾಹಿಗಳೇ ನಿರ್ಧರಿಸುತ್ತವೆ. ನನಗೂ ನಿನ್ನ ಅಜ್ಜಿಗೂ ಹೆಚ್ಚುಕಡಿಮೆ ನಿನ್ನ ವಯಸ್ಸಿನಲ್ಲೇ ನರೆ ಕಾಣಿಸಿಕೊಂಡಿತ್ತು.

ಅಜ್ಜಿಯ ಕೈ ನಿನಗೆ ನೆನಪಿದೆಯೇ? ಚಿಕ್ಕವಳಿದ್ದಾಗ ನೀನು ಅವರ ಮಗ್ಗುಲಲ್ಲಿ ಕುಳಿತು, ಹಸ್ತದ ಹಿಂಬದಿಯ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಡುತ್ತಿದ್ದೆ. ಅದು ಕ್ಷಣಕಾಲ ಹಾಗೆಯೇ ಎದ್ದು ನಿಂತು, ಆಮೇಲೆ ನಿಧಾನವಾಗಿ ಇಳಿದು ಮಟ್ಟವಾಗುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ನಿನ್ನ ಕೈಯಲ್ಲಿ ಹಾಗೆ ಮಾಡಿದರೆ ಚರ್ಮ ತಟ್ಟನೆ ಮರಳಿಬಿಡುತ್ತಿತ್ತು. ನಿನಗೆ ಅದರಿಂದ ನಿರಾಸೆಯಾಗುತ್ತಿತ್ತು. ಅಜ್ಜಿಯ ಕೈಯೇ ಚೆಂದ ಎಂದು ಎಷ್ಟು ಸಲ ಹೇಳಿದ್ದೆಯೋ. ಚರ್ಮಕ್ಕೆ ಬಿಗುವು ಕೊಡುವ ಕೊಲಾಜನ್ ಮತ್ತು ಎಲಾಸ್ಟಿನ್ ಎಂಬ ನಾರುಗಳು ಸಡಿಲಗೊಂಡು, ಅದರಡಿಯ ಕೊಬ್ಬು ಕರಗಿದ್ದರಿಂದ ಆ ಕೈಯಲ್ಲಿ ನೀಲಿ ನರಗಳು ಎದ್ದು ಕಾಣುತ್ತಿದ್ದವು. ಬಲಗೈ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಜಾಗವೊಂದಿತ್ತು. ನೀನು ನರಗಳ ಜಾಡು ಹಿಡಿದು ಬೆರಳಾಡಿಸುತ್ತಾ ಹೋಗಿ ಅಲ್ಲಿ ನಿಲ್ಲಿಸುತ್ತಿದ್ದೆ. ಆ ಕೈಯನ್ನು ಕುರೂಪವೆಂದು ನೋಡಬೇಕೆಂದು ಆಗಿನ್ನೂ ನಿನಗೆ ಯಾರೂ ಕಲಿಸಿರಲಿಲ್ಲ. ಮುಪ್ಪನ್ನು ಕಂಡರೆ ಹುಟ್ಟುವ ಅಸಹನೆ ನಾವು ದೊಡ್ಡವರಾಗುತ್ತಾ ಕಲಿತದ್ದೆಂದು ನಾನು ನಂಬಿರುವುದು ಆ ನಿನ್ನ ಆಟದಿಂದಲೇ.

ಆ ಕಲಿಕೆ ಹೊಗಳಿಕೆಯ ವೇಷದಲ್ಲಿಯೂ ಬರುತ್ತದೆ. "ನಿಮಗೆ ಇಷ್ಟು ವಯಸ್ಸಾಗಿದೆಯೆಂದು ಗೊತ್ತೇ ಆಗುವುದಿಲ್ಲ" ಎಂದು ಜನ ನನಗೆ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಾನು ಬದುಕಿದ ವರ್ಷಗಳು ಕಾಣದಿದ್ದುದೇ ನನ್ನ ಗುಣ ಎಂಬ ಅರ್ಥ ಆ ಮಾತಿನಲ್ಲಿ ಅಡಗಿದೆ. ಗಂಡಸಿನ ನರೆಗೂದಲಿಗೆ ಗಾಂಭೀರ್ಯವೆಂದು ಮರ್ಯಾದೆ ಸಿಗುತ್ತದೆ. ಅದೇ ನರೆ ಹೆಣ್ಣಿನ ತಲೆಯಲ್ಲಿ ಕಂಡರೆ ಆಕೆ ತನ್ನ ಬಗ್ಗೆ ಕಾಳಜಿ ವಹಿಸುತ್ತಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. ಈ ಅನ್ಯಾಯದ ಅಳತೆಗೋಲನ್ನು ನೀನು ನಿನ್ನ ಮೇಲೆ ಪ್ರಯೋಗಿಸಿಕೊಳ್ಳಬಾರದೆಂಬುದು ನನ್ನ ಆಸೆ. ಇದು ಬರೀ ಮನಸ್ಸಿನ ಸಂಗತಿಯೂ ಅಲ್ಲ. ಅಮೆರಿಕದ ಸಂಶೋಧಕಿ ಬೆಕ್ಕಾ ಲೆವಿ ಮತ್ತು ಅವರ ಸಂಗಡಿಗರು ಐವತ್ತು ದಾಟಿದ 660 ಜನರ ಮಾಹಿತಿಯನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ವಯಸ್ಸಾಗುವಿಕೆಯನ್ನು ಒಳ್ಳೆಯ ದೃಷ್ಟಿಯಿಂದ ನೋಡುತ್ತಿದ್ದವರು ಉಳಿದವರಿಗಿಂತ ಸುಮಾರು ಏಳೂವರೆ ವರ್ಷ ಹೆಚ್ಚು ಬದುಕಿದ್ದು ಕಂಡುಬಂದಿತ್ತು.

ಡಚ್ ಚಿತ್ರಕಾರ ರೆಂಬ್ರಾಂಟ್ ಹರೆಯದಿಂದ ಹಿಡಿದು, ತೀರಿಕೊಂಡ 1669ರವರೆಗೂ ತನ್ನದೇ ಮುಖವನ್ನು ಮತ್ತೆ ಮತ್ತೆ ಚಿತ್ರಿಸಿದವನು. ಅವನ ಹರೆಯದ ಚಿತ್ರಗಳನ್ನೂ ಕೊನೆಯ ವರ್ಷಗಳ ಚಿತ್ರಗಳನ್ನೂ ಬಿಡುವಾದಾಗ ಒಟ್ಟಿಗೆ ಇಟ್ಟುಕೊಂಡು ನೋಡು. ಮೊದಲಿನವುಗಳಲ್ಲಿ ಉಡುಪಿನ ಬೆಡಗಿದೆ, ತನ್ನನ್ನು ಜನ ಹೇಗೆ ನೋಡಬೇಕೆಂಬ ಹಂಬಲವಿದೆ. ಕೊನೆಯವುಗಳಲ್ಲಿ ಜೋತ ಕೆನ್ನೆ, ಊದಿದ ಮೂಗು, ಕಣ್ಣಿನ ಕೆಳಗಿನ ಚೀಲ ಯಾವುದನ್ನೂ ಅವನು ಮುಚ್ಚಿಟ್ಟಿಲ್ಲ. ಅಷ್ಟು ಹೊತ್ತಿಗೆ ಅವನು ಹೆಂಡತಿಯನ್ನೂ ಮಕ್ಕಳನ್ನೂ ಕಳೆದುಕೊಂಡಿದ್ದ, ದಿವಾಳಿಯಾಗಿ ಮನೆಯನ್ನೂ ಕಳೆದುಕೊಂಡಿದ್ದ. ಆ ಮುಖದ ಒಂದೊಂದು ಮಡಿಕೆಗೂ ಅವನು ಬೇರೆ ಬೇರೆ ಬೆಳಕನ್ನು ಕೊಟ್ಟಿದ್ದಾನೆ. ನನಗಂತೂ ಹರೆಯದ ಚಿತ್ರದ ಮುಂದೆ ನಿಲ್ಲದ ಕಣ್ಣು ಈ ಮುದುಕನ ಮುಂದೆ ನಿಂತುಬಿಡುತ್ತದೆ.

ಮುಖದ ಸುಕ್ಕುಗಳಿಗೆ ಇನ್ನೊಂದು ವಿಶೇಷವಿದೆ. ದೇಹದ ಬೇರೆಡೆಗಳಲ್ಲಿ ಸ್ನಾಯುಗಳು ಸಾಮಾನ್ಯವಾಗಿ ಮೂಳೆಯಿಂದ ಮೂಳೆಗೆ ಹೋದರೆ, ಮುಖದ ಅನೇಕ ಸ್ನಾಯುಗಳ ತುದಿ ಚರ್ಮಕ್ಕೇ ಸೇರಿಕೊಂಡಿರುತ್ತದೆ. ಹಾಗಾಗಿ ನಾವು ನಕ್ಕಾಗ, ಹುಬ್ಬೇರಿಸಿದಾಗ, ಚಿಂತೆಯಿಂದ ಹಣೆ ಗಂಟಿಕ್ಕಿದಾಗ ಚರ್ಮ ಅದೇ ಜಾಗದಲ್ಲಿ ಮಡಚಿಕೊಂಡು, ವರ್ಷಗಳು ಕಳೆದಂತೆ ಆ ಮಡಿಕೆ ಅಲ್ಲೇ ಉಳಿಯುತ್ತದೆ. ಬಿಸಿಲಿನ ಪಾಲೂ ಇದರಲ್ಲಿ ದೊಡ್ಡದೇ. ಆದರೂ ನನ್ನ ಕಣ್ಣಂಚಿನ ಗೆರೆಗಳನ್ನು ನೋಡಿದಾಗ, ನಿನ್ನ ತೊದಲು ಮಾತಿಗೆ ನಗುತ್ತಾ ಕಳೆದ ಸಂಜೆಗಳಿಗೂ ಅವುಗಳಲ್ಲಿ ಪಾಲಿದೆಯೆಂದು ತಿಳಿದು ನನಗೆ ಹೆಮ್ಮೆಯಾಗುತ್ತದೆ. ಅವನ್ನು ಅಳಿಸಿಕೊಳ್ಳಬೇಕೆಂದು ಒಮ್ಮೆಯೂ ಅನ್ನಿಸಿಲ್ಲ.

ಚೆಲುವು ಮುಖದಲ್ಲಷ್ಟೇ ಇಲ್ಲ. ಮುಂದಿರುವ ಕಾಲ ಸೀಮಿತವೆಂಬ ಅರಿವು ಬಲಿತಂತೆ ಜನ ಪರಿಚಯಗಳನ್ನು ಹೆಚ್ಚಿಸಿಕೊಳ್ಳುವುದನ್ನು ಬಿಟ್ಟು ತಮಗೆ ಆಪ್ತರಾದವರ ಕಡೆ ತಿರುಗುತ್ತಾರೆಂದು ಮನಶ್ಶಾಸ್ತ್ರಜ್ಞೆ ಲಾರಾ ಕಾರ್‌ಸ್ಟೆನ್‌ಸನ್ ವಿವರಿಸಿದ್ದಾರೆ. ನನ್ನ ಮಟ್ಟಿಗೆ ಇದು ಅಕ್ಷರಶಃ ನಿಜವಾಗಿದೆ. ಯಾರಿಗೋ ಮೆಚ್ಚುಗೆಯಾಗಲೆಂದು ಹೋಗಬೇಕಾದ ಕಡೆಗೆ ಈಗ ಹೋಗುವುದಿಲ್ಲ. ಹೋದ ಕಡೆ ಪೂರ್ತಿ ಮನಸ್ಸಿಟ್ಟು ಕುಳಿತಿರುತ್ತೇನೆ. ಹಳೆಯ ಗೆಳತಿಯೊಬ್ಬಳು ಮಾತನಾಡುವಾಗ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿಸಿಕೊಳ್ಳುವ ಸುಖ ನನಗೆ ಮೂವತ್ತರಲ್ಲಿ ಗೊತ್ತಿರಲಿಲ್ಲ.

ಹಾಗೆಂದು ಮಂಡಿನೋವನ್ನೂ ನಿದ್ದೆಗೆಟ್ಟ ರಾತ್ರಿಗಳನ್ನೂ ಒಬ್ಬೊಬ್ಬರಾಗಿ ಅಗಲಿಹೋಗುವ ಒಡನಾಡಿಗಳನ್ನೂ ನಾನು ಚೆಲುವೆಂದು ಕರೆಯಲಾರೆ. ನೋವಿಗೆ ಮದ್ದು ಬೇಕು, ಅಗಲಿಕೆಗೆ ಅಳು ಬೇಕು. ವಯಸ್ಸಾಯಿತಲ್ಲ, ಇದೆಲ್ಲ ಸಹಜ ಎಂದು ಕಾಯಿಲೆಯನ್ನು ಸಹಿಸಿಕೊಂಡಿರುವುದು ತಪ್ಪು. ನನಗೇನಾದರೂ ಆದಾಗ ನೀನು ಹಾಗೆ ಹೇಳದೆ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು.

ಕೂದಲಿಗೆ ಬಣ್ಣ ಹಚ್ಚುವುದೋ ಬಿಡುವುದೋ ನಿನ್ನ ಇಷ್ಟ. ಹಚ್ಚಿದರೆ ಅದು ನಿನಗೆ ಖುಷಿಯೆಂದು ಹಚ್ಚು, ನಾಚಿಕೆಯಿಂದ ಬೇಡ. ನನ್ನದೊಂದು ಕೋರಿಕೆಯಿದೆ. ಕಳೆದ ಸಲ ನೀನು ತೆಗೆದ ನನ್ನ ಭಾವಚಿತ್ರದಲ್ಲಿ ಫೋನು ತಾನಾಗಿಯೇ ಸುಕ್ಕುಗಳನ್ನೆಲ್ಲ ಒರೆಸಿಹಾಕಿತ್ತು. ಮುಂದಿನ ಸಲ ಬಂದಾಗ ಅದನ್ನು ನಿಲ್ಲಿಸಿ, ಕಿಟಕಿಯ ಬೆಳಕಿನಲ್ಲಿ ಹತ್ತಿರದಿಂದ ಇನ್ನೊಂದು ತೆಗೆ. ಕೈಗಳೂ ಅದರಲ್ಲಿ ಬರಲಿ. ಗೋಡೆಗೆ ಹಾಕಿಸುವುದಾದರೆ ನನಗೆ ಆ ಚಿತ್ರವೇ ಬೇಕು.

ಇಂತಿ ನಿನ್ನ
ಅಮ್ಮ