ಸುಬಿಯಾಕೊದ ಹೂಯ್ಲು: ಆಡಳಿತದವರಿಗೆ ಕಿವಿ ಇಲ್ಲವೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಪರ್ತ್‌ನ ಸುಬಿಯಾಕೊ ಮೈದಾನದಲ್ಲಿ ನಡೆದ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯದಲ್ಲಿ ಸಿಡ್ನಿ ಸ್ವಾನ್ಸ್ ತಂಡದ ಮೂಲನಿವಾಸಿ ಆಟಗಾರ ಆ್ಯಡಮ್ ಗುಡ್ಸ್ ವಿರುದ್ಧ ಎದ್ದ ಹೂಯ್ಲಿನ ವರದಿಯನ್ನು ಓದಿದೆ. ಅದರಲ್ಲಿ ‘ಕೆಲವು ಪ್ರೇಕ್ಷಕರು’ ಎಂದಿದೆ. ಆ ಕೆಲವರಲ್ಲಿ ಮುಕ್ಕಾಲು ಪಾಲು ನನ್ನ ಬೆನ್ನ ಹಿಂದೆಯೇ ಕುಳಿತಿದ್ದರೆಂದು ಕಾಣುತ್ತದೆ.

ಕಾಲಿಡಲು ಜಾಗವಿಲ್ಲದ ರೈಲಿನಲ್ಲಿ ನಿಂತು ಬಂದು, ತಣ್ಣಗಾದ ಪೈಗೆ ಬಾಯಿಗೆ ಬಂದ ಬೆಲೆ ತೆತ್ತು, ಗುಡ್ಸ್ ಅವರ 37ನೇ ಸಂಖ್ಯೆಯ ಅಂಗಿ ತೊಟ್ಟ ಮಗನೊಂದಿಗೆ ಕುಳಿತರೆ, ಚೆಂಡು ಗುಡ್ಸ್ ಕೈಗೆ ಬಂದಾಗಲೆಲ್ಲ ಕೂಗು ಏಳುತ್ತಿತ್ತು, ಚೆಂಡು ಬೇರೆಯವರಿಗೆ ಹೋದೊಡನೆ ನಿಲ್ಲುತ್ತಿತ್ತು. ಹಿಂದಿನ ಸಾಲಿನ ಮಹನೀಯರೊಬ್ಬರು ಪ್ರತಿ ಸಲವೂ ಚಿಪ್ಸ್ ಡಬ್ಬಿಯನ್ನು ಜೋಪಾನವಾಗಿ ಕೆಳಗಿಟ್ಟು, ಕೂಗಿ ಮುಗಿಸಿ, ಮತ್ತೆ ಎತ್ತಿಕೊಳ್ಳುತ್ತಿದ್ದರು. ಮೂರನೆಯ ಕ್ವಾರ್ಟರ್ ಹೊತ್ತಿಗೆ ಮಗ ಅಂಗಿಯ ಮೇಲೆ ಜಾಕೆಟ್ ಹಾಕಿಕೊಂಡು ಕತ್ತಿನವರೆಗೆ ಜಿಪ್ ಎಳೆದುಕೊಂಡ. ಕೊಟ್ಟ ದುಡ್ಡಿಗೆ ಆಟವನ್ನು ಪೂರ್ತಿ ನೋಡುವ ಯೋಗವೂ ನಮಗಿರಲಿಲ್ಲ.

ಇಷ್ಟಕ್ಕೂ ಈ ಮನುಷ್ಯ ಮಾಡಿದ ಅಪರಾಧವೇನು? ಕ್ಲಬ್ಬುಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 1997ರ ಡ್ರಾಫ್ಟ್‌ನಲ್ಲಿ 43ನೆಯವನಾಗಿ ಆಯ್ಕೆಯಾಗಿ, 1999ರಲ್ಲಿ ಅತ್ಯುತ್ತಮ ಯುವ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಗಳಿಸಿ, 2003 ಮತ್ತು 2006ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೊ ಪದಕ ಪಡೆದು, 2005 ಹಾಗೂ 2012ರಲ್ಲಿ ತಂಡದೊಂದಿಗೆ ಪ್ರೀಮಿಯರ್‌ಶಿಪ್ ಗೆದ್ದು, 350ಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದವರು ಗುಡ್ಸ್. 2005ರ ಫೈನಲ್‌ನಲ್ಲಿ ನಮ್ಮೂರಿನ ವೆಸ್ಟ್ ಕೋಸ್ಟ್ ತಂಡ ಸಿಡ್ನಿಗೆ ನಾಲ್ಕು ಅಂಕಗಳಿಂದ ಸೋತ ಹೊಟ್ಟೆಯುರಿ ಇದೆನ್ನೋಣವೆಂದರೆ, ಮರುವರ್ಷವೇ ಒಂದು ಅಂಕದಿಂದ ಗೆದ್ದು ಆ ಲೆಕ್ಕ ಚುಕ್ತಾ ಆಗಿದೆ. ಫ್ರೀ ಕಿಕ್‌ಗಾಗಿ ಬೀಳುವ ನಾಟಕವಾಡುತ್ತಾರೆ ಎಂಬುದು ಇನ್ನೊಂದು ನೆಪ; ಹಾಗೆ ಬೀಳುವ ಉಳಿದವರಿಗೆಲ್ಲ ಈ ಮರ್ಯಾದೆ ಏಕಿಲ್ಲವೋ! 2013ರಲ್ಲಿ ತಮ್ಮನ್ನು ವಾನರನೆಂದು ಕರೆದ ಹುಡುಗಿಯತ್ತ ಬೆರಳು ತೋರಿಸಿದ್ದು, ಮರುದಿನವೇ ಆಕೆಯನ್ನು ಯಾರೂ ದೂಷಿಸಬಾರದೆಂದು ಕೋರಿದ್ದು, 2014ರಲ್ಲಿ ವರ್ಷದ ಆಸ್ಟ್ರೇಲಿಯನ್ ಗೌರವ ಪಡೆದು ಮೂಲನಿವಾಸಿಗಳ ಪರವಾಗಿ ಮಾತನಾಡಿದ್ದು, ಈ ಮೇ ತಿಂಗಳಲ್ಲಿ ಗೋಲು ಹೊಡೆದು ಮೂಲನಿವಾಸಿಗಳ ಯುದ್ಧ ನೃತ್ಯ ಮಾಡಿದ್ದು, ಇವೇ ಅಪರಾಧವಾದರೆ ಹಾಗೆಂದು ಬಾಯಿಬಿಟ್ಟು ಹೇಳಲಿ.

ಆಡಳಿತದವರ ಚುರುಕುತನವಂತೂ ಹಳೆಯ ಕಥೆ. 1993ರಲ್ಲಿ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ಪ್ರೇಕ್ಷಕರ ನಿಂದನೆಗೆ ಉತ್ತರವಾಗಿ ಅಂಗಿಯೆತ್ತಿ ತಮ್ಮ ಮೈಬಣ್ಣವನ್ನು ತೋರಿಸಿದರು. ಜನಾಂಗೀಯ ನಿಂದನೆಯ ವಿರುದ್ಧ ನಿಯಮ ಬರಬೇಕಾದರೆ 1995ರಲ್ಲಿ ಇನ್ನೊಬ್ಬ ಮೂಲನಿವಾಸಿ ಆಟಗಾರ ಮೈಕೆಲ್ ಲಾಂಗ್ ಪಟ್ಟು ಹಿಡಿಯಬೇಕಾಯಿತು. 2013ರಲ್ಲಿ ಕಾಲಿಂಗ್‌ವುಡ್ ಕ್ಲಬ್ಬಿನ ಅಧ್ಯಕ್ಷರೇ ರೇಡಿಯೊದಲ್ಲಿ ಗುಡ್ಸ್ ಹೆಸರನ್ನು ಕಿಂಗ್ ಕಾಂಗ್‌ಗೆ ತಳಕು ಹಾಕಿದರು, ಕ್ಷಮೆ ಕೇಳಿದರು, ಕುರ್ಚಿಯಲ್ಲಿ ಉಳಿದರು. ಪಂದ್ಯದ ದಿನ ನಮ್ಮ ಬೀದಿಯಲ್ಲಿ ಕಾರು ತುಸು ವಾರೆಯಾಗಿ ನಿಂತರೂ ದಂಡದ ಚೀಟಿ ಅಂಟಿಸುವ ಸಿಬ್ಬಂದಿ ಇರುವ ಊರಿದು. ಮೈದಾನ ತುಂಬ ಏಳುವ ಕೂಗನ್ನು ಕೇಳಿಸಿಕೊಳ್ಳಲು ಮಾತ್ರ ಜನವಿಲ್ಲ. ಭಾನುವಾರ ಅದಕ್ಕೆ ಉತ್ತರ ಕೊಟ್ಟವರು, ಗೋಲಿನ ನಂತರ ಈಟಿ ಎಸೆಯುವ ಭಂಗಿ ತೋರಿದ ಸಹ ಆಟಗಾರ ಲೂಯಿಸ್ ಜೆಟ್ಟಾ ಒಬ್ಬರೇ.

ಈಗ ಗುಡ್ಸ್ ರಜೆಯ ಮೇಲೆ ಹೋದ ನಂತರ ಹೇಳಿಕೆಗಳ ಸುರಿಮಳೆಯಾಗುತ್ತಿದೆ. ಈ ಲೀಗ್ ನಡೆಸುವ ಎಎಫ್‌ಎಲ್‌ನವರು ಕೂಡಲೇ ಏನಾದರೂ ಮಾಡಲಿ. ಕೂಗುವವರನ್ನು ಹೊರಗೆ ಹಾಕಲಿ, ಇಲ್ಲವೇ ನಮ್ಮಂಥವರಿಗೆ ಟಿಕೆಟ್ ಮಾರುವುದನ್ನು ನಿಲ್ಲಿಸಲಿ. ಅದೂ ಆಗದಿದ್ದರೆ, ವರ್ಷಕ್ಕೊಮ್ಮೆ ಮೂಲನಿವಾಸಿಗಳ ಹೆಸರಿನಲ್ಲಿ ಆಟಗಾರರಿಗೆ ಚಿತ್ತಾರದ ಅಂಗಿ ತೊಡಿಸಿ ಮೆರೆಸುವ ಆಡಂಬರವನ್ನಾದರೂ ಬಿಡಲಿ. ನಾಚಿಕೆಯಾಗಬೇಕು ಇವರಿಗೆ.

– ನೊಂದ ಪ್ರೇಕ್ಷಕ, ಪರ್ತ್
ಜುಲೈ 30, 2015